ಅಪ್ಪನ ಕಡೆಯ ಗೋಡೆ

ಜನವರಿ 9, ಭಾನುವಾರ

ಬೆಳಿಗ್ಗೆ ಸರ್ಕಾರ ಬಂತು, ಅಂದರೆ ಸರ್ಕಾರದ ಕರೆಂಟ್. ಬಟ್ಟೆ ಒಗೆಯುವ ಮೆಷಿನ್ ಹಾಕಿದೆ. ಅರ್ಧ ತಿರುಗುವಷ್ಟರಲ್ಲಿ ಸರ್ಕಾರ ಹೋಯಿತು. ಬಟ್ಟೆ ಸೋಪುನೀರಿನಲ್ಲಿ ಕೂತಿದೆ. ನಾನು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದೇನೆ. ಇಬ್ಬರಿಗೂ ಸದ್ಯಕ್ಕೆ ಬಿಡುಗಡೆ ಇಲ್ಲ.

ಇನ್ನು ಬೀದಿಯ ಜನರೇಟರ್ ಮೇಲೆ ದಿನ ತಳ್ಳಬೇಕು. ಐದು ಆಂಪಿಯರ್. ಹೀಟರ್ ಹಾಕಿದರೆ ಫ್ರಿಜ್ ಬಂದ್. ಕೆಟಲ್ ಅಂತೂ ಸರ್ಕಾರ ಇದ್ದಾಗ ಮಾತ್ರ — ಅಪ್ಪಿತಪ್ಪಿ ಅದರ ಗುಂಡಿ ಒತ್ತಿದರೆ ಬೀದಿಯ ಪೆಟ್ಟಿಗೆಯಲ್ಲಿ ನನ್ನ ಬ್ರೇಕರ್ ಬೀಳುತ್ತದೆ. ಎಂಟು ಮಹಡಿ ಕೆಳಗೆ. ಆಮೇಲೆ ಜನರೇಟರ್ ಮಾಲೀಕ ಅಬು ಮುಂಝಿರ್‌ಗೆ ಫೋನ್ ಮಾಡಬೇಕು, ಎತ್ತಪ್ಪಾ ಎಂದು ಬೇಡಬೇಕು, ಅವನ ಮಾತು ಕೇಳಬೇಕು. "ಮಿಸ್, ಕೂಡೋ ಲೆಕ್ಕ ಬರೀ ಶಾಲೆ ಮಕ್ಕಳಿಗೇನಾ?"

ನಮ್ಮ ಇಡೀ ಬಂದರು ಊರು ಮೀನಾ ಹೀಗೇ ಬದುಕುತ್ತಿದೆ. ಮೊನ್ನೆ ಮೊದಲ ಮಹಡಿಯ ಸಬೀಹಾಳ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಸಬೀಹಾ ಕೇಳಿದ ಮೊದಲ ಪ್ರಶ್ನೆ — ನಿಮ್ಮಲ್ಲಿ ಎಷ್ಟು ಆಂಪಿಯರ್? ಹತ್ತು ಎಂದರಂತೆ. ಆಮೇಲೆ ಕಾಫಿಗೆ ಏಲಕ್ಕಿ ಬಿತ್ತಂತೆ.

ನನ್ನ ಹೀಟರ್ ಕೆಂಪಗಾಗುವುದೇ ಇಲ್ಲ. ಎರಡೂ ಕಡ್ಡಿ ಮಂಕಾಗಿ ಕಾದು ಅಲ್ಲಿಗೇ ನಿಲ್ಲುತ್ತವೆ. ಸಮುದ್ರದ ತೇವ ಗೋಡೆಯಲ್ಲೆಲ್ಲ ಇಳಿದಿದೆ. ಕೂತರೆ ಚಳಿ, ಎದ್ದರೆ ನೋವು. ಎದ್ದೇ ಇರುತ್ತೇನೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ... ಊರುಗೋಲಿನ ಸದ್ದಿಗೆ ಏಳನೇ ಮಹಡಿಯವರು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟಿದರು.

ಜನವರಿ 10, ಸಂಜೆ

ಬುಟ್ಟಿ ಎಳೆದುಕೊಂಡೆ. ಬಾಟಲಿಯಲ್ಲಿ ಬೇಳೆ ಸಾರು, ಎರಡು ರೊಟ್ಟಿ, ಒಂದು ನಿಂಬೆ. ಅಮ್ಮ ಮೊದಲ ಮಹಡಿ, ನಾನು ಎಂಟು. ಹಿಂದಿನ ಬಾಲ್ಕನಿಯಿಂದ ಹಗ್ಗ. ಕೆಳಗೆ ಬಗ್ಗಿದರೆ ಅವಳ ಬಿಳಿ ಶಿರವಸ್ತ್ರದ ನೆತ್ತಿ ಮಾತ್ರ ಕಾಣುತ್ತದೆ. ಕತ್ತೆತ್ತಿದರೆ ಅವಳಿಗೆ ತಲೆ ಸುತ್ತುತ್ತದೆ. ಹಾಗಾಗಿ ಆಸ್ಪತ್ರೆಯಿಂದ ಬಂದ ದಿನದಿಂದ ಅವಳ ಮುಖ ನೋಡಿಲ್ಲ. ಒಂದೇ ಕಟ್ಟಡ, ಒಂದೇ ಮೆಟ್ಟಿಲು. ಅವಳ ಮಂಡಿ ಹತ್ತಲು ಬಿಡುವುದಿಲ್ಲ, ನನ್ನ ಕಾಲು ಇಳಿಯಲು ಬಿಡುವುದಿಲ್ಲ. ಲಿಫ್ಟ್‌ಗೆ ಆಂಪಿಯರ್ ಕೊಡಲು ಯಾರಿಗೂ ಮನಸ್ಸಿಲ್ಲ.

ಆಸ್ಪತ್ರೆಯಿಂದ ನಾಲ್ಕು ಜನ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಹೊತ್ತು ತಂದಾಗ ಅಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು. ಇಲ್ಲೇ ಇಳಿಸಿ ಎಂದಳು. ಬೇಡ, ಮೇಲಕ್ಕೆ ಎಂದೆ. ಅವಳದ್ದು ಒಂದೇ ಕೋಣೆ. ಇಬ್ಬರೂ ಅದರಲ್ಲಿದ್ದರೆ ಮೂರನೇ ದಿನಕ್ಕೆ ಇನ್ನೊಂದು ಕಾಲೂ ಮುರಿದುಕೊಳ್ಳುತ್ತಿದ್ದೆ. ಹಾಗಾದರೆ ನೀನೇ ಬಾ, ಇವರೇ ಹೊತ್ತು ತರುತ್ತಾರೆ ಎಂದೆ. "ಮೇಲೆ ಬಂದ್ರೆ ನಾನು ಇಳಿಯೋದು ಒಂದೇ ಸಲ, ಅದೂ ಹೆಗಲ ಮೇಲೆ," ಎಂದು ಬಾಗಿಲು ಹಾಕಿಕೊಂಡಳು.

ಇಬ್ಬರಲ್ಲಿ ಯಾರ ಹಟ ಹೆಚ್ಚು ಎಂದು ಅಪ್ಪ ಇದ್ದಿದ್ದರೆ ಹೇಳುತ್ತಿದ್ದ. ನನ್ನದೇ ಎನ್ನುತ್ತಿದ್ದ, ಅವಳಿಗೆ ಕೇಳುವ ಹಾಗೆ.

ಜನವರಿ 12

ಇವತ್ತು ರೊಟ್ಟಿಯ ಕೆಳಗೆ ಶಾಲೆಯ ಲ್ಯಾಬ್‌ನ ಇಕ್ಕಳ ಮೀಟರ್ ಬಂತು. ಹನಾದಿ ಟೀಚರ್ ಅಮ್ಮನ ಮನೆಗೆ ಕೊಟ್ಟು ಹೋದಳಂತೆ. ಪಾಠ ಇಲ್ಲ, ಮಕ್ಕಳಿಲ್ಲ, ಕೈಗೆ ಮೀಟರ್ ಸಿಕ್ಕಿದ್ದೇ ಜೀವ ಬಂದ ಹಾಗಾಯಿತು. ತಂತಿಯನ್ನು ಇಕ್ಕಳದಲ್ಲಿ ಹಿಡಿದರೆ ಆಂಪಿಯರ್. ಸೂಜಿಗಳನ್ನು ಸಾಕೆಟ್‌ಗೆ ಇಟ್ಟರೆ ವೋಲ್ಟ್.

ಎಲ್ಲ ಆರಿಸಿದೆ. 220 ವೋಲ್ಟ್.
ಹೀಟರ್ ಹಾಕಿದೆ. 185 ವೋಲ್ಟ್, 3.8 ಆಂಪಿಯರ್.
185 × 3.8 = 703 ವ್ಯಾಟ್.

ಸಾವಿರ ವ್ಯಾಟ್ ಎಂದು ಬೆನ್ನ ಮೇಲೆ ಬರೆದುಕೊಂಡ ಹೀಟರ್ ಏಳುನೂರು ಕೊಡುತ್ತಿದೆ. ಅದಕ್ಕೇ ಈ ಮಂಕು. ರೇಗಿತು. ಅಬು ಮುಂಝಿರ್‌ಗೆ ಫೋನ್ ಮಾಡಿ, ಆಂಪಿಯರ್ ಮಾರುತ್ತೀಯ, ಹಿಂದಿನಿಂದ ವೋಲ್ಟ್ ಕದಿಯುತ್ತೀಯ ಎಂದು ನೇರವಾಗಿಯೇ ಅಂದೆ.

"ಮಿಸ್, ಈ ಬೀದೀಲಿ ಎಲ್ರೂ ಆಂಪಿಯರ್ ಕೇಳ್ತಾರೆ. ವೋಲ್ಟ್ ಕೇಳಿದೋರು ನೀವೊಬ್ರೇ. ಬಂದು ನನ್ನ ಪೆಟ್ಟಿಗೇಲೇ ಅಳೀರಿ. ಓ, ಇಳಿಯಕ್ಕಾಗಲ್ಲ ಅಲ್ವಾ? ಫೋಟೊ ಕಳಿಸ್ತೀನಿ ಬಿಡಿ."

ಕಳಿಸಿದ. ನನ್ನ ಹೀಟರ್ ಉರಿಯುತ್ತಿರುವಾಗಲೇ ತೆಗೆದ ಫೋಟೊ. ಅವನ ಪೆಟ್ಟಿಗೆಯಲ್ಲಿ 220 ಕದಲಿಲ್ಲ. ಅವನು ಕಳ್ಳನಲ್ಲ. ನಿರಾಸೆಯಾಯಿತು, ಸುಳ್ಳೇಕೆ.

ಜನವರಿ 13

35 ವೋಲ್ಟ್ ದಾರಿಯಲ್ಲಿ ಕಾಣೆ.

35 ÷ 3.8 = 9.2 ಓಮ್. ಇಷ್ಟು ರೋಧ ಎಲ್ಲಿಂದ ಬಂತು? ಒಳ್ಳೆ ತಾಮ್ರದ ತಂತಿ ಎಂಟು ಮಹಡಿ ಹತ್ತಿ ಇಳಿದರೂ ಒಂದೆರಡು ಓಮ್ ದಾಟಬಾರದು. ಎಲ್ಲೋ ಒಂದು ಜೋಡಣೆ ಕೆಟ್ಟಿದೆ.

35 × 3.8 = 133 ವ್ಯಾಟ್. ಇದು ಇನ್ನೂ ಕೆಟ್ಟ ಲೆಕ್ಕ. ವ್ಯಾಟ್ ಕಳೆದುಹೋಗುವುದಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಇದನ್ನೇ ಹೇಳುತ್ತೇನೆ. ಎಲ್ಲಿ ರೋಧ ಇದೆಯೋ ಅಲ್ಲಿ ಬಿಸಿಯಾಗಿ ಇಳಿಯುತ್ತದೆ. ಅಂದರೆ ನಾನು ಹೀಟರ್ ಹಾಕಿದಾಗಲೆಲ್ಲ ಈ ಕಟ್ಟಡದ ಯಾವುದೋ ಮೂಲೆಯಲ್ಲಿ ಹಳೇ ಕಾಲದ ಅರವತ್ತರ ಬಲ್ಬ್ ಎರಡು ಉರಿದಷ್ಟು ಕಾವು. ಯಾರ ಕಣ್ಣಿಗೂ ಬೀಳದೆ.

ನನ್ನ ಬೋರ್ಡ್ ಮುಟ್ಟಿ ನೋಡಿದೆ. ತಣ್ಣಗಿದೆ. ಅಬು ಮುಂಝಿರ್ ತನ್ನ ಪೆಟ್ಟಿಗೆ ಮುಟ್ಟಿದ. ತಣ್ಣಗಿದೆ. ಅಮ್ಮನ ಎದುರು ಮನೆಯ ಸಬೀಹಾಗೆ ಮೆಟ್ಟಿಲ ಪಕ್ಕದ ತಂತಿ ಕೊಳವೆಯನ್ನೆಲ್ಲ ಮುಟ್ಟುತ್ತಾ ಬಾ ಎಂದೆ. ಪಾಪ, ನಾಲ್ಕನೇ ಮಹಡಿವರೆಗೆ ಮುಟ್ಟುತ್ತಾ ಬಂದಳಂತೆ. ಆಮೇಲೆ ಫೋನಿನಲ್ಲಿ, ಮಿಸ್‌ಗೆ ಮನೆಯೊಳಗೇ ಕೂತು ತಲೆ ಸರಿಯಿಲ್ಲ ಎಂದು ಯಾರಿಗೋ ಹೇಳುವುದು ಕೇಳಿಸಿತು. ಫೋನ್ ಇಡಲು ಮರೆತಿದ್ದಳು.

ನಿದ್ದೆ ಇಲ್ಲ. ಗೋಡೆಗಳನ್ನೇ ನೋಡುತ್ತಿದ್ದೇನೆ. ಯಾವುದರ ಒಳಗೆ?

ಜನವರಿ 15, ಬೆಳಿಗ್ಗೆ

ಅಮ್ಮನ ವಾಯ್ಸ್ ಮೆಸೇಜ್. ಅವಳ ಮೆಸೇಜ್‌ಗಳೆಲ್ಲ ಹೀಗೇ, ಹಾಲು ಉಕ್ಕುವವರೆಗೆ ಮಾತು.

"ನಿನ್ನ ಕಾಲು ಹೇಗಿದೆಯಮ್ಮ. ನನ್ನ ಬೆನ್ನು ಈ ಚಳೀಲಿ ಪರವಾಗಿಲ್ಲ ಕಣೇ. ಮಂಚದ ಪಕ್ಕದ ಗೋಡೆ ಬೆಚ್ಚಗಿರತ್ತೆ, ನಿಮ್ಮಪ್ಪ ಮಲಗ್ತಿದ್ದ ಕಡೆ. ಸಾಯಂಕಾಲ ಒರಗಿ ಕೂತ್ರೆ ಹಾಯಾಗಿರತ್ತೆ. ಬದುಕಿದ್ದಾಗ ಇಷ್ಟು ಬೆಚ್ಚಗಿರ್ಲಿಲ್ಲ ಆ ಮನುಷ್ಯ. ಅಯ್ಯೋ ಹಾಲು—"

ನಕ್ಕೆ. ನಕ್ಕು, ಇನ್ನೊಂದು ಸಲ ಕೇಳೋಣ ಎಂದು ಒತ್ತಿದೆ. ಎರಡನೇ ಸಲ ನಗು ಬರಲಿಲ್ಲ.

ಸಾಯಂಕಾಲ ನಾನು ಹೀಟರ್ ಹಾಕುವ ಹೊತ್ತು.

ಈಗ ನೆನಪಾಯಿತು, ಈ ಮನೆಗೆ ತಂತಿ ಎಳೆದವನು ಅಪ್ಪ. ಮೆಟ್ಟಿಲ ಕಡೆಯಿಂದ ತಂದರೆ ಬೇರೆಯವರು ಕೊಂಡಿ ಹಾಕುತ್ತಾರೆ ಎಂದು ಕೆಳಗೆ ತನ್ನ ಕೋಣೆಯ ಗೋಡೆಯೊಳಗಿಂದಲೇ ತಂದಿದ್ದ. ತಂತಿ ಗಿಡ್ಡವಾಗಿತ್ತು. ಮಂಚದ ಪಕ್ಕದಲ್ಲಿ ಇನ್ನೊಂದು ತುಂಡನ್ನು ಕೈಯಲ್ಲೇ ತಿರುಚಿ ಸೇರಿಸಿ, ಟೇಪು ಸುತ್ತಿ, ಮೇಲೆ ಮರದ ಪಟ್ಟಿ ಹೊಡೆದ. ನಾನು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ. ತಾತ್ಕಾಲಿಕ ಎಂದಿದ್ದ. ಈ ದೇಶದಲ್ಲಿ ತಾತ್ಕಾಲಿಕ ಎಂದ ಯಾವುದನ್ನು ಯಾರು ಬಿಚ್ಚಿದ್ದಾರೆ?

ಒಣಗಿದ ಮರದ ಪಟ್ಟಿ. ಅದಕ್ಕೆ ಅಂಟಿಕೊಂಡು ಹತ್ತಿಯ ಹಾಸಿಗೆ. ಹಾಸಿಗೆಯ ಮೇಲೆ ಅಮ್ಮ, ಬೆನ್ನು ಕೊಟ್ಟು.

ಹೀಟರ್ ಪ್ಲಗ್ ಕಿತ್ತು ನೆಲಕ್ಕೆ ಹಾಕಿದೆ. ಫ್ರಿಜ್ ಕೂಡ. ಎರಡು ಸಣ್ಣ ದೀಪ, ಫೋನ್ ಚಾರ್ಜರ್ ಇರಲಿ. 0.1 ಆಂಪಿಯರ್. 0.1 × 0.1 × 9.2... ಹತ್ತರಲ್ಲೊಂದು ವ್ಯಾಟ್ ಕೂಡ ಇಲ್ಲ. ಅಷ್ಟರಿಂದ ನೊಣವೂ ಬೆಚ್ಚಗಾಗದು. ತಂತಿಯನ್ನು ಪೂರ್ತಿ ಕಡಿಸುವುದು ಬೇಡ, ಕತ್ತಲಲ್ಲಿ ನಾನು ಮತ್ತೆ ಬಿದ್ದರೆ ಕಷ್ಟ.

ಜನವರಿ 17

ಚಳಿ. ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಪ್ಲಾಸ್ಟರ್‌ನ ಹೊರಗಿರುವ ಬೆರಳುಗಳು ನನ್ನವು ಅನ್ನಿಸುತ್ತಿಲ್ಲ.

ಅಮ್ಮ ಫೋನ್ ಮಾಡಿ ಗೋಡೆ ಸತ್ತುಹೋಗಿದೆ ಎಂದಳು. ಕೂತು ಬಿಡಿಸಿ ಹೇಳಿದೆ. ಆಂಪಿಯರ್ ಓಡಿದರೆ ಜೋಡಣೆ ಕಾಯುತ್ತದೆ, ಕಾದರೆ ಗೋಡೆ ಬೆಚ್ಚಗಾಗುತ್ತದೆ, ಇನ್ನೂ ಕಾದರೆ ಹೊತ್ತಿಕೊಳ್ಳುತ್ತದೆ. ಮಕ್ಕಳಿಗೆ ಹೇಳುವ ಹಾಗೆ, ನಿಧಾನವಾಗಿ. ಚೆನ್ನಾಗಿ ಕೇಳಿಸಿಕೊಂಡಳು.

"ಅಂದ್ರೆ ಇಷ್ಟು ದಿನ ನೀನು ಮೇಲೆ ಚಳಿ ಕಾಯಿಸ್ಕೊಂಡ್ರೆ ನನ್ನ ಬೆನ್ನು ಕಾಯ್ತಿತ್ತು."

ಹೌದು ಎಂದೆ.

"ಹಾಗಾದ್ರೆ ಹಾಕು ಹೀಟರ್ರು."

ಬೆಂಕಿ ಅಮ್ಮ, ಬೆಂಕಿ ಎಂದೆ. ಇಷ್ಟು ವರ್ಷ ಹತ್ತದ್ದು ಈಗ ಯಾಕೆ ಹತ್ತುತ್ತದೆ ಎಂದಳು. ಜೋಡಣೆ ದಿನದಿನಕ್ಕೆ ಕೆಡುತ್ತದೆ ಎಂದೆ. ಮನುಷ್ಯರೂ ಕೆಡುತ್ತಾರೆ, ಯಾರೂ ಅವರನ್ನು ಗೋಡೆ ಒಡೆದು ತೆಗೆಯುವುದಿಲ್ಲ ಎಂದಳು. ಅವಳ ಜೊತೆ ಭೌತಶಾಸ್ತ್ರ ಮಾತಾಡುವುದು ಕಷ್ಟ.

ಅಬು ಮುಂಝಿರ್‌ಗೆ ಹೇಳಿ ಸರಿ ಮಾಡಲು ಕಳಿಸಿದೆ. ಉಳಿ ಸುತ್ತಿಗೆ ತೆಗೆದುಕೊಂಡು ಹೋದವನು ಹಾಗೇ ವಾಪಸ್ ಬಂದ. "ಹಾಜಿಯಮ್ಮ ಗೋಡೆ ಮುಟ್ಟಕ್ಕೆ ಬಿಡಲ್ಲ ಮಿಸ್. ಅವ್ರ ಯಜಮಾನ್ರು ಮಾಡಿದ್ದಂತೆ. ಕೈಯಲ್ಲಿ ಚಪ್ಪಲಿ ಇತ್ತು, ನಾನು ಜಾಸ್ತಿ ಮಾತಾಡ್ಲಿಲ್ಲ."

ಜನವರಿ 19

ಮಾತಿಲ್ಲ. ಬುಟ್ಟಿ ಬರುತ್ತದೆ. ಸಾರು ಇರುತ್ತದೆ, ನಿಂಬೆ ಇರುತ್ತದೆ, ವಾಯ್ಸ್ ಮೆಸೇಜ್ ಇಲ್ಲ. ನನ್ನ ಉಣ್ಣೆ ಕಂಬಳಿ, ಬಿಸಿನೀರಿನ ಚೀಲ ಎರಡನ್ನೂ ಬುಟ್ಟಿಯಲ್ಲಿಟ್ಟು ಇಳಿಸಿದೆ. ಅರ್ಧ ಗಂಟೆಯ ಮೇಲೆ ಹಗ್ಗ ಎಳೆದು ಸನ್ನೆ ಮಾಡಿದಳು. ಮೇಲೆಳೆದೆ. ಎರಡೂ ಅದರಲ್ಲೇ. ಕಂಬಳಿಯನ್ನು ನನಗಿಂತ ನೀಟಾಗಿ ಮಡಿಸಿದ್ದಳು.

ಅವಳದ್ದು ಬೇರೆ ಸಣ್ಣ ಲೈನ್, ದೀಪ ಟಿವಿಗೆ ಸಾಕು ಅಷ್ಟೇ. ಗ್ಯಾಸ್ ಹೀಟರ್ ಇಟ್ಟುಕೊಂಡರೆ ವಾಸನೆಗೆ ಉಸಿರು ಕಟ್ಟುತ್ತದೆ. ಈ ಚಳಿಯಲ್ಲಿ ಅವಳಿಗಿದ್ದ ಒಂದೇ ಸುಖವನ್ನು ಇಲ್ಲಿಂದಲೇ ಪ್ಲಗ್ ಕಿತ್ತು ತೆಗೆದವಳು ನಾನು. ಸರಿಯಾದ ಕೆಲಸವೇ. ಆದರೂ ಸಂಕಟ. ಎದ್ದೆ, ಕೂತೆ, ಎದ್ದೆ. ಮೆಟ್ಟಿಲ ಬಾಗಿಲು ತೆರೆದು ಕೆಳಗೆ ನೋಡಿದೆ. ಬಾವಿಯ ಹಾಗೆ ಕತ್ತಲು. ಮುಚ್ಚಿದೆ.

ಜನವರಿ 20, ಗುರುವಾರ

ಅಮ್ಮ ಮಾತಾಡಿದಳು. ದನಿ ಗೆಲುವಾಗಿದೆ. ಬೆನ್ನು ಈಗ ಪರವಾಗಿಲ್ಲವಂತೆ. ಹೇಗೆ ಎಂದರೆ, "ನಿನ್ನ ಲೆಕ್ಕ ನಿಂಗೆ, ನನ್ನ ಲೆಕ್ಕ ನಂಗೆ," ಎಂದು ನಕ್ಕಳು. ಸಬೀಹಾ ಏನಾದರೂ ಎಣ್ಣೆ ತಿಕ್ಕಿರಬೇಕು. ಸದ್ಯ, ಕೋಪ ಇಳಿದಿದೆ. ಇವತ್ತು ನಿದ್ದೆ ಬರಬಹುದು.

ಜನವರಿ 21, ಶುಕ್ರವಾರ, ಮಧ್ಯಾಹ್ನ 12.10

ಬೇಜಾರಿಗೆ ಸಾಕೆಟ್‌ಗೆ ಮೀಟರ್ ಇಟ್ಟೆ.

179.

ನಾನು ಏನನ್ನೂ ಹಾಕಿಲ್ಲ. ಹೀಟರ್ ಪ್ಲಗ್ ಅಲ್ಲೇ ನೆಲದ ಮೇಲೆ ಬಿದ್ದಿದೆ. ಕರೆಂಟ್ ಓಡದೆ ವೋಲ್ಟ್ ಬೀಳುವುದಿಲ್ಲ. ನನ್ನ ತಂತಿಯಲ್ಲಿ ನನ್ನದಲ್ಲದ ಕರೆಂಟ್.

220 − 179 = 41
41 ÷ 9.2 = 4.46 ಆಂಪಿಯರ್
ಆ ವಸ್ತುವಿನ ರೋಧ: 179 ÷ 4.46 = 40 ಓಮ್
ಪೂರಾ ವೋಲ್ಟ್ ಸಿಕ್ಕಿದ್ದರೆ: 220 × 220 ÷ 40 = 1210 ವ್ಯಾಟ್

ಸಾವಿರದ ಇನ್ನೂರರ ವಸ್ತು. ಬರೆಯುತ್ತಿರುವಾಗಲೇ ಅಂಕಿ ತಾನಾಗಿ 220ಕ್ಕೆ ಹಾರಿತು. ಕಾದೆ. ಮತ್ತೆ 178. ಮತ್ತೆ 220. ತಾನೇ ಹತ್ತುತ್ತದೆ, ತಾನೇ ಆರುತ್ತದೆ.

ಇಸ್ತ್ರಿಪೆಟ್ಟಿಗೆ.

ಅಪ್ಪ ಮಂಚದ ಪಕ್ಕ ಇಸ್ತ್ರಿಗೆಂದು ಒಂದು ಸಾಕೆಟ್ ಕೂರಿಸಿದ್ದ. ನನ್ನ ತಂತಿಯಿಂದಲೇ, ಆ ಜೋಡಣೆ ದಾಟಿದ ಮೇಲೆ. ಮರೆತೇ ಹೋಗಿತ್ತು. ಅಮ್ಮನಿಗೆ ನೆನಪಿದೆ. ಆಂಪಿಯರ್ ಓಡಿದರೆ ಗೋಡೆ ಬೆಚ್ಚಗಾಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವಳು ಯಾರು? ನಾನೇ. ಬಿಡಿಸಿ ಬಿಡಿಸಿ.

12.25

ಪ್ರತಿ ಸಲ ಇನ್ನೂ ಕೆಳಗೆ. 172. 166. ಈಗ 160.

ಇಸ್ತ್ರಿ ಅದೇ, 40 ಓಮ್. 160 ÷ 40 = 4 ಆಂಪಿಯರ್. ಕಾಣೆಯಾದದ್ದು 60 ವೋಲ್ಟ್. 60 ÷ 4 = 15 ಓಮ್. ಒಂಬತ್ತಿದ್ದದ್ದು ಹದಿನೈದು. ಜೋಡಣೆ ಬೇಯುತ್ತಿದೆ. 60 × 4 = 240 ವ್ಯಾಟ್, ಮರದ ಪಟ್ಟಿಯ ಹಿಂದೆ.

ಅಮ್ಮ ಫೋನ್ ಎತ್ತುತ್ತಿಲ್ಲ. ಊಟದ ಮಾತ್ರೆ ನುಂಗಿ ಮಲಗುವ ಹೊತ್ತು. ಅಬು ಮುಂಝಿರ್ ಎತ್ತುತ್ತಿಲ್ಲ — ಶುಕ್ರವಾರದ ನಮಾಜು, ಬೀದಿಯ ಗಂಡಸರೆಲ್ಲ ಮಸೀದಿಯಲ್ಲಿ, ಫೋನೆಲ್ಲ ಬಾಯಿ ಮುಚ್ಚಿಕೊಂಡಿವೆ. ಸಬೀಹಾ ಮಗಳ ಜೊತೆ ಹತ್ತು ಆಂಪಿಯರ್ ಮನೆಗೆ ಹೋಗಿದ್ದಾಳೆ. ಬಾಲ್ಕನಿಯಿಂದ ಕೂಗಿದೆ. ಜನರೇಟರ್ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಏಳನೇ ಮಹಡಿಗೆ ಊರುಗೋಲಿನಿಂದ ಕುಟ್ಟಿದೆ, ಕುಟ್ಟಿದೆ. ಪೊರಕೆಯಿಂದ ತಿರುಗಿ ಕುಟ್ಟಿದರು.

ಕೂತು ಕೂತು ಮೆಟ್ಟಿಲಿಳಿದರೆ ಒಂದು ಗಂಟೆ ಬೇಕು.

ಬ್ರೇಕರ್ ಬೀಳಿಸಬೇಕು. ಇಲ್ಲಿಂದಲೇ.

ಹೀಟರ್ 48 ಓಮ್, ಕೆಟಲ್ 24, ಇಸ್ತ್ರಿ 40. ಮೂರೂ ಪಕ್ಕಪಕ್ಕ ಸೇರಿದರೆ 11.4. ಜೋಡಣೆಯ 15 ಕೂಡಿಸಿದರೆ 26.4. 220 ÷ 26.4 = 8.3 ಆಂಪಿಯರ್. ಐದರ ಬ್ರೇಕರ್ ತಡೆಯುವುದಿಲ್ಲ.

ಆದರೆ 8.3 × 8.3 × 15. ಸಾವಿರ ವ್ಯಾಟ್. ಇಡೀ ಒಂದು ಹೀಟರ್ ಅವಳ ಬೆನ್ನ ಹಿಂದೆ, ಬ್ರೇಕರ್ ಬೀಳುವವರೆಗೆ. ಎಷ್ಟು ಹೊತ್ತಿಗೆ ಬೀಳುತ್ತದೆ? ಅರ್ಧ ನಿಮಿಷವೋ ಎರಡು ನಿಮಿಷವೋ... ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.

ಹಾಕುತ್ತೇನೆ.

ಅದೇ ದಿನ, 3.30

ಈಗ ಬರೆಯಬಹುದು.

ಕೆಟಲ್ ಗುಂಯ್ ಎಂದಿತು. ಹೀಟರ್ ಕಂದು ಬಣ್ಣಕ್ಕೂ ಬರಲಿಲ್ಲ. ಮೀಟರ್‌ನಲ್ಲಿ 95. ಬೀಳು ಎಂದೆ. ಈ ಬ್ರೇಕರ್ ಬೀಳದಿರಲಿ ಎಂದು ವರ್ಷಗಟ್ಟಲೆ ಫ್ರಿಜ್ ಆರಿಸಿ, ದೀಪ ಆರಿಸಿ, ಉಸಿರು ಹಿಡಿದು ಬದುಕಿದ್ದೇನೆ. ಬೀಳು, ಬೀಳು, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. 93. 90. ಅಂದರೆ ಅಲ್ಲಿ ರೋಧ ಇನ್ನೂ ಏರುತ್ತಿದೆ. ಪ್ಲಗ್ ಕೀಳಲು ಕೈ ಚಾಚಿದೆ, ಕಿತ್ತರೆ ಇಸ್ತ್ರಿ ಉಳಿಯುತ್ತದೆ, ಕೀಳದಿದ್ದರೆ... ಕೈ ಅಲ್ಲೇ ನಿಂತುಬಿಟ್ಟಿತು. ನಾನು ಅಮ್ಮನನ್ನು ಸುಡುತ್ತಿದ್ದೇನೆ ಅನ್ನಿಸಿತು.

0.

ಕೆಟಲ್ ಸುಮ್ಮನಾಯಿತು. ದೀಪ ಹೋಯಿತು. ಇಷ್ಟು ಒಳ್ಳೆಯ ಪವರ್ ಕಟ್ ನಾನು ನೋಡಿಲ್ಲ.

ಆಮೇಲೆ ಹೊಸ ಭಯ. ನಮಾಜು ಮುಗಿಸಿ ಬಂದವನೇ ಅಬು ಮುಂಝಿರ್ ಬಿದ್ದ ಬ್ರೇಕರ್‌ಗಳನ್ನೆಲ್ಲ ಸಾಲಾಗಿ ಎತ್ತುತ್ತಾ ಹೋಗುತ್ತಾನೆ. ಅದು ಅವನ ರೂಢಿ, ಅವನಿಗೆ ಅದು ಪುಣ್ಯದ ಕೆಲಸ. ಬಿಡದೆ ಫೋನ್ ಹೊಡೆದೆ. ಎತ್ತಿದ.

"ಗೊತ್ತು ಮಿಸ್, ಬಿದ್ದಿದೆ. ಪೆಟ್ಟಿಗೆ ಮುಂದೇನೇ ನಿಂತಿದ್ದೀನಿ, ಎತ್ತಿದೆ ಅಂದ್ಕೊಳ್ಳಿ."

"ಎತ್ತಬೇಡ," ಎಂದೆ. "ನಿನ್ನ ದಮ್ಮಯ್ಯ, ಎತ್ತಬೇಡ."

"ಏನಂದ್ರಿ?"

"ಎತ್ತಬೇಡ. ಅಮ್ಮನ ಮನೆಗೆ ಓಡು. ಬಾಗಿಲು ತೆಗೀದಿದ್ರೆ ಒಡಿ."

ಈ ವ್ಯಾಪಾರಕ್ಕೆ ಇಳಿದಾಗಿನಿಂದ ಎತ್ತಬೇಡ ಎಂದವರು ನಾನೇ ಮೊದಲಂತೆ. ಅದನ್ನು ಓಡುತ್ತಲೇ ಹೇಳಿದ, ಏದುಸಿರು ಕೇಳಿಸುತ್ತಿತ್ತು. ಬಾಗಿಲು ಬಡಿದ ಸದ್ದು. ಹೊಸಿಲಲ್ಲಿ ಏನೋ ಮುರಿದ ಸದ್ದು. ಆಮೇಲೆ ಏನೂ ಇಲ್ಲ. ಅಮ್ಮಾ ಎಂದು ಕೂಗಿದೆ ಫೋನಿಗೆ.

ಆಮೇಲೆ ಅವಳ ದನಿ. ದೂರದಿಂದ, ನಿದ್ದೆಗಣ್ಣಿನ ಬೈಗುಳ. ಬೂಟು ಹಾಕಿಕೊಂಡು ಕಾರ್ಪೆಟ್ ತುಳಿಯುತ್ತೀಯಾ, ನಿನ್ನ ತಾಯಿ ಇದನ್ನೇ ಕಲಿಸಿದಳಾ ಎಂದು.

ಅತ್ತುಬಿಟ್ಟೆ. ಅಳು ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. ಮರದ ಪಟ್ಟಿಯಿಂದ ಹೊಗೆ ಬರುತ್ತಿತ್ತಂತೆ. ಗೋಡೆ ಕೈ ಇಡಲಾಗದಷ್ಟು ಬಿಸಿ. ಇಸ್ತ್ರಿಪೆಟ್ಟಿಗೆ ತಟ್ಟೆಯ ಮೇಲೆ ಜಾಗ್ರತೆಯಾಗಿ ನಿಲ್ಲಿಸಿದ್ದಳಂತೆ, ಬೆಂಕಿಗೆ ಹೆದರಿ.

ಜನವರಿ 22

ಗೋಡೆ ಒಡೆದರು. ಈ ಸಲ ಚಪ್ಪಲಿ ಎತ್ತಲಿಲ್ಲವಂತೆ. ಮಂಚದ ತುದಿಯಲ್ಲಿ ಬೆನ್ನು ಮಾಡಿಕೊಂಡು ಕೂತಿದ್ದಳಂತೆ.

ಸಂಜೆ ಬುಟ್ಟಿಯಲ್ಲಿ ಕಾಗದದ ಪೊಟ್ಟಣ. ಒಳಗೆ ಸುಟ್ಟು ಕಪ್ಪಾದ ತಂತಿಯ ತಿರುಚು, ಸುತ್ತ ಕರಗಿದ ಟೇಪು. ಹಿಂದೆಯೇ ಅಬು ಮುಂಝಿರ್‌ನ ಫೋನ್. "ವೋಲ್ಟ್ ಕಳ್ಳ ಸಿಕ್ಕ ಮಿಸ್. ನಿಮ್ಮ ತಂದೆಯವ್ರೇ." ಅವನ ಮಾತಿಗೆ ನಾನು ಅರ್ಹಳೇ. ಕಳ್ಳ ಎಂದದ್ದಕ್ಕೆ ತಪ್ಪಾಯಿತು ಎಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಆಡಿಸಬೇಕೆಂದಿದ್ದ, ಪಾಪ, ನಾನು ತಪ್ಪು ಒಪ್ಪಿಕೊಂಡದ್ದರಿಂದ ಸುಮ್ಮನಾಗಬೇಕಾಯಿತು.

ತಿರುಚನ್ನು ಕೈಯಲ್ಲಿ ಹಿಡಿದು ಕೂತೆ. ಅಪ್ಪ ಎಡಗೈಯವನು. ತಿರುಚು ಎಡಕ್ಕೇ ಇದೆ. ಅವನ ಬೆರಳು ಇಷ್ಟು ಹತ್ತಿರ ಸಿಕ್ಕಿ ಎಷ್ಟು ವರ್ಷವಾಗಿತ್ತು... ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ.

ಹೊಸ ಜೋಡಣೆಯ ಮೇಲೆ ಹೀಟರ್ ಹಾಕಿದೆ. 214 ವೋಲ್ಟ್, 4.4 ಆಂಪಿಯರ್. ಒಂಬೈನೂರ ನಲವತ್ತು ವ್ಯಾಟ್. ಎರಡೂ ಕಡ್ಡಿ ಕೆಂಪಗೆ. ಕೋಣೆ ಬೆಚ್ಚಗಾಗುತ್ತಿದೆ. ಅವಳಿಗೆ ಹೋಗುತ್ತಿದ್ದದ್ದೂ ಈಗ ನನಗೇ ಬರುತ್ತಿದೆ. ಹತ್ತಿರ ಕೂರಲು ಆಗಲಿಲ್ಲ. ಆರಿಸಿದೆ. ಮತ್ತೆ ಹಾಕಿದೆ. ಮತ್ತೆ ಆರಿಸಿದೆ.

ಜನವರಿ 23, ಬೆಳಿಗ್ಗೆ

ಫೋನ್ ಮಾಡಿದೆ. ಮೇಲೆ ಬಾ ಅಮ್ಮ ಎಂದೆ. ಹೆಗಲ ಮಾತು ಎತ್ತುತ್ತಾಳೆ ಎಂದುಕೊಂಡಿದ್ದೆ. ಎತ್ತಲಿಲ್ಲ.

"ಅಲ್ಲಿ ಯಾವ ಗೋಡೆಗೆ ಒರಗ್ಲೇ?"

ಹೀಟರ್ ಇದೆ, ಚೆನ್ನಾಗಿ ಕಾಯುತ್ತದೆ ಈಗ ಎಂದೆ.

"ಹೀಟರ್‌ಗೆ ಒರಗಕ್ಕಾಗತ್ತಾ?" ಎಂದಳು. ಆಮೇಲೆ, ಅಬು ಮುಂಝಿರ್ ಕುರ್ಚಿ ತರಲಿ, ಆದರೆ ಬೂಟು ಬಿಚ್ಚಿ ಬರಲಿ ಎಂದಳು.

ಜನವರಿ 24, ಸಂಜೆ

ಬಂದಳು. ನಾಲ್ಕು ಜನ, ನನ್ನನ್ನು ತಂದ ಅದೇ ಕುರ್ಚಿ. ಪ್ರತಿ ಮಹಡಿಯಲ್ಲೂ ಇಳಿಸಿಕೊಂಡು, ಬಾಗಿಲು ತೆರೆಸಿ, ಎಲ್ಲರ ಯೋಗಕ್ಷೇಮ ಕೇಳಿಕೊಂಡು ಬಂದಳಂತೆ. ಏಳನೇ ಮಹಡಿಯವರಿಗೆ ನಿಮ್ಮ ಪೊರಕೆ ಸವೆದಿರಬೇಕು, ಹೊಸದು ಕೊಡಿಸುತ್ತೇನೆ ಎಂದಳಂತೆ. ಇದನ್ನು ಹೇಳುವಾಗ ಅಬು ಮುಂಝಿರ್‌ನ ಮುಖದಲ್ಲಿ ಬೆವರೂ ನಗುವೂ. ಬರಿಗಾಲಲ್ಲಿದ್ದ.

ಅವಳ ಮುಖ ಸಣ್ಣದಾಗಿದೆ. ನೆತ್ತಿ ನೋಡಿ ನೋಡಿ ನನಗೆ ಗೊತ್ತಾಗಿರಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ, ನೇರ ಕೆನ್ನೆಗೆ ಕೈ ಇಟ್ಟಳು. ಇಷ್ಟು ತಣ್ಣಗಿದ್ದೀಯಲ್ಲಮ್ಮ, ಹೀಟರ್ ಇಟ್ಟುಕೊಂಡು ಏನು ಮಾಡುತ್ತಿದ್ದೆ ಎಂದಳು.

ಹೀಟರ್ ಹಾಕಿದೆ. ಕುರ್ಚಿ ಒಗ್ಗಲಿಲ್ಲ. ಸೋಫಾ ಒಗ್ಗಲಿಲ್ಲ. ಈ ಮನೆಯ ಗೋಡೆ ಒಂದೊಂದನ್ನೂ ಅಂಗೈಯಿಂದ ಮುಟ್ಟಿ ನೋಡಿದಳು, ಯಾವುದೂ ಒಗ್ಗಲಿಲ್ಲ. ಕೊನೆಗೆ ಮಂಚದ ಮೇಲೆ ಹತ್ತಿ, ಬರೆಯುತ್ತಾ ಕೂತ ನನ್ನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಿದ್ದಾಳೆ. ಈಗ. ಮೂಳೆ ಮೂಳೆ ಗೊತ್ತಾಗುತ್ತಿದೆ. ಮೆಲ್ಲಗೆ ಬೆಚ್ಚಗಾಗುತ್ತಿದ್ದಾಳೆ. ನಾನೂ. ಮೀಟರ್ ಅಲ್ಲೇ ಮೇಜಿನ ಮೇಲಿದೆ, ಏಳಲು ಮನಸ್ಸಿಲ್ಲ.

"ನೀನು ಬರೀತಿದ್ರೆ ಬೆನ್ನು ಅಲ್ಲಾಡತ್ತೆ," ಎನ್ನುತ್ತಿದ್ದಾಳೆ. "ನಿಮ್ಮಪ್ಪನ ಗೋಡೆ ಅಲ್ಲಾಡ್ತಿರ್ಲಿಲ್ಲ. ಸುಮ್ನೆ ಕೂತ್ಕೊ ನೋಡೋಣ."

ಆಯಿತು ಅಮ್ಮ, ಇದೊಂದು ಸಾಲು ಬರೆ—